ಸಹಾಯ ಬೇಕು: ರಾಡಾರ್ ಚಿತ್ರದಲ್ಲಿ ಕಾಣುವ ಗೆರೆ ಸ್ತರಭಂಗವೇ (ಬಂಡೆಗಳು ಸರಿಯುವ ನೆಲದ ಬಿರುಕೇ), ವಾತಾವರಣದ ಪರಿಣಾಮವೇ?

ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದ ರಿಜ್‌ಕ್ರೆಸ್ಟ್ ಬಳಿ 2019ರ ಜುಲೈ ತಿಂಗಳಲ್ಲಿ 6.4 ಮತ್ತು 7.1 ಪ್ರಮಾಣದ ಭೂಕಂಪಗಳು ಸಂಭವಿಸಿದಾಗ ನೆಲ ಎಷ್ಟು ಸರಿಯಿತೆಂಬುದನ್ನು ಸೆಂಟಿನೆಲ್-1 ಉಪಗ್ರಹದ ರಾಡಾರ್ ಚಿತ್ರಗಳಿಂದ ಅಳೆಯುವುದನ್ನು ಕಲಿಯುತ್ತಿದ್ದೇನೆ. ಭೂಕಂಪಕ್ಕೆ ಮೊದಲಿನ ಮತ್ತು ನಂತರದ ಚಿತ್ರಗಳ ಜೋಡಿಯನ್ನು ಹೋಲಿಸಿದಾಗ ನೆಲದ ಚಲನೆ ಬಣ್ಣದ ಪಟ್ಟಿಗಳಾಗಿ ಮೂಡುತ್ತದೆ. ಉಪಗ್ರಹದ ರಾಡಾರ್ ಅಲೆಯ ತರಂಗಾಂತರ ಸುಮಾರು 5.6 ಸೆಂ.ಮೀ. ಆದ್ದರಿಂದ ಬಣ್ಣದ ಒಂದು ಪೂರ್ಣ ಸುತ್ತು, ಉಪಗ್ರಹದ ನೋಟದ ದಿಕ್ಕಿನಲ್ಲಿ 2.8 ಸೆಂ.ಮೀ. ಚಲನೆಗೆ ಸಮ.

ಮುಖ್ಯ ಬಿರುಕು ಸ್ಪಷ್ಟವಾಗಿಯೇ ಮೂಡಿದೆ. ಆದರೆ ಅದರಿಂದ ದೂರದಲ್ಲಿ, ಗುಡ್ಡವೊಂದರ ಬುಡದುದ್ದಕ್ಕೂ, ಪಟ್ಟಿಗಳು ಸ್ವಲ್ಪವೇ ಮುರಿದಂತೆ ಕಾಣುವ ಸಣ್ಣ ಗೆರೆಯೊಂದಿದೆ. ಭೂಮೇಲ್ಮೈ ಎತ್ತರದ ಪ್ರಭಾವವನ್ನು ಕಳೆದು, ಚಿತ್ರವನ್ನು ನಯಗೊಳಿಸುವ ಶೋಧಕದ (ಫಿಲ್ಟರ್) ಬಲವನ್ನು ತಗ್ಗಿಸಿ, ಸಂಕೇತ ದುರ್ಬಲವಾಗಿದ್ದ ಭಾಗಗಳನ್ನು ಕೈಬಿಟ್ಟು ನೋಡಿದರೂ ಅದು ಅಳಿಯಲಿಲ್ಲ. ಭೂಕಂಪದ ನಂತರದ ಬೇರೆ ದಿನಾಂಕದ ಚಿತ್ರವನ್ನು ಬಳಸಿದಾಗಲೂ ಗೆರೆ ಉಳಿದದ್ದರಿಂದ ಬಹಳ ಸಂತೋಷಪಟ್ಟೆ. ಆಮೇಲೆ ಎರಡೂ ಜೋಡಿಗಳಲ್ಲಿ ಭೂಕಂಪಕ್ಕೆ ಮೊದಲಿನ ಚಿತ್ರ ಒಂದೇ ಆಗಿತ್ತೆಂಬುದು ಗಮನಕ್ಕೆ ಬಂತು. ರಾಡಾರ್ ಅಲೆಯನ್ನು ತಡಮಾಡುವ, ಆ ದಿನದ ಗಾಳಿಯಲ್ಲಿದ್ದ ತೇವಾಂಶವೇ ಎರಡರಲ್ಲೂ ಅಚ್ಚೊತ್ತಿರಬಹುದಲ್ಲವೇ?

ಇನ್ನೊಂದು ನೋಟದಲ್ಲಿ, ಅಂದರೆ ಉಪಗ್ರಹ ಉತ್ತರದಿಂದ ದಕ್ಷಿಣಕ್ಕೆ ಸಾಗುವಾಗ ತೆಗೆದ ಚಿತ್ರಗಳಲ್ಲಿ, ಈ ಗೆರೆ ಬಹುತೇಕ ಕಾಣುವುದೇ ಇಲ್ಲ. ಆದರೆ ಅಡ್ಡ ಮತ್ತು ಲಂಬ ಚಲನೆಗಳು ಒಂದು ನೋಟದಲ್ಲಿ ಪರಸ್ಪರ ಕಳೆದುಹೋಗಿ, ಇನ್ನೊಂದು ನೋಟದಲ್ಲಿ ಕೂಡಿಕೊಳ್ಳುವುದು ಸಾಧ್ಯವಿರುವುದರಿಂದ, ಅಷ್ಟರಿಂದಲೇ ಅದನ್ನು ತಳ್ಳಿಹಾಕಲು ಮನಸ್ಸು ಒಪ್ಪುತ್ತಿಲ್ಲ.

ಅನುಭವವುಳ್ಳವರಲ್ಲಿ ನನ್ನ ಪ್ರಶ್ನೆ ಇಷ್ಟೇ: ಮೊದಲಿನ ಚಿತ್ರವನ್ನೂ ಬದಲಿಸಿದ ಸ್ವತಂತ್ರ ಜೋಡಿಯಲ್ಲಿ ಗೆರೆ ಮತ್ತೆ ಕಂಡರೆ ಅದನ್ನು ಗುಪ್ತ ಸ್ತರಭಂಗದ ಚಲನೆಯೆಂದು ಒಪ್ಪಬಹುದೇ, ಅಥವಾ ಎತ್ತರಕ್ಕೆ ತಕ್ಕಂತೆ ಬದಲಾಗುವ ವಾತಾವರಣದ ವಿಳಂಬವನ್ನು ಮೊದಲು ಪ್ರತ್ಯೇಕವಾಗಿ ಕಳೆಯಲೇಬೇಕೇ?