ಅಂಗನವಾಡಿ ಮಕ್ಕಳ ಜೊತೆ ಯಕ್ಷಗಾನ ಹಿಮ್ಮೇಳ: ಚೆಂಡೆ ಇಡಬಹುದೇ?

ಪೆರ್ಲದ ಓದುಗ
ವಾಚನಾಲಯದಲ್ಲಿ 3ರಿಂದ 5 ವರ್ಷದ ಸುಮಾರು 25 ಮಕ್ಕಳು, ಜೊತೆಗೆ ಅಮ್ಮಂದಿರು. ಎಲ್ಲರೂ ಸೇರಿ ಹಾಡಿ ಬಾರಿಸಬೇಕು ಅಂತ ಯೋಚನೆ. ಭಾಗವತರು, ಮದ್ದಳೆ, ಚೆಂಡೆ ಸಿಗುತ್ತವೆ. ಕೋಣೆ ಚಿಕ್ಕದು, ಮಾಡಿಗೆ ಶೀಟು. ಮನೆಮಾತು ತುಳು, ಮಲಯಾಳ, ಕನ್ನಡ ಮೂರೂ ಇವೆ. ಶ್ರುತಿ ಯಾವುದು, ಮಕ್ಕಳ ಕೈಗೆ ಏನು ಕೊಡುವುದು?

ಎಡ_ಬಲ
ಶೀಟಿನ ಕೋಣೆಗೆ ಚೆಂಡೆ ಬೇಡವೇ ಬೇಡ. ತೋರಿಸಲೇಬೇಕಿದ್ದರೆ ಕೊನೆಗೆ ಅಂಗಳದಲ್ಲಿ, ಮಕ್ಕಳನ್ನು ದೂರ ನಿಲ್ಲಿಸಿ, ಎರಡು ನಿಮಿಷ ಸಾಕು. ಜಾಗಟೆಯನ್ನೂ ಬಿಡಿ. ಭಾಗವತರು ಕೈಯಲ್ಲೇ ತಾಳ ಹಾಕಲಿ, ಮಕ್ಕಳು ನೋಡಿ ಹಾಕುತ್ತಾರೆ.

ಎಡವಟ್ಟಾಗುವುದು ಶ್ರುತಿಯಲ್ಲಿ. ಭಾಗವತರು ಬಿಳಿ 5ರಲ್ಲಿ (ಹಾರ್ಮೋನಿಯಂನ ಐದನೇ ಬಿಳಿ ಮನೆ) ಹಾಡಿದರೆ ಮಕ್ಕಳಿಗೆ ಮೇಲಿನ ಸ್ಥಾಯಿ ಎಟಕದು, ಕೆಳಗಿನದ್ದು ಗಂಟಲಲ್ಲೇ ಗೊರಗುಟ್ಟುತ್ತದೆ. ಆಗ ಕಿರುಚುತ್ತಾರೆ, ಇಲ್ಲವೇ ಸುಮ್ಮನಾಗುತ್ತಾರೆ. ಬಿಳಿ 2 ಇಡಿ, ಹಾಡು ಷಡ್ಜದಿಂದ ಪಂಚಮದೊಳಗೇ ಇರಲಿ. ಬಿಳಿ 5ಕ್ಕೆ ಕಟ್ಟಿದ ಮದ್ದಳೆಯನ್ನು ಅಷ್ಟು ಇಳಿಸಿದರೆ ನಾದ ಸತ್ತುಹೋಗುತ್ತದೆ. ತಗ್ಗಿನ ಮದ್ದಳೆ ಸಿಗದಿದ್ದರೆ ಹಾಡುವಾಗ ದಪ್ಪ ನಾದದ ಎಡಬದಿ ಮಾತ್ರ ನುಡಿಸಲಿ. ಆಟಿಯ ಮಳೆಯಲ್ಲಾದರೆ ಮದ್ದಳೆಯ ಚರ್ಮದ ಮುಚ್ಚಿಗೆ ತಂಡಿ ಹಿಡಿದು ಶ್ರುತಿ ಜಾರುತ್ತದೆ, ಅರ್ಧ ಗಂಟೆ ಮೊದಲೇ ಬಂದು ಸರಿಮಾಡಿಕೊಳ್ಳಲಿ.

ಗೆರಟೆ ಟೀಚರ್
ಕೈಗೆ ತೆಂಗಿನ ಗೆರಟೆ (ಚಿಪ್ಪು). ನಾರು ಕೆರೆದು, ಅಂಚನ್ನು ಕಲ್ಲಿಗೆ ಉಜ್ಜಿ. ಸೀಳು ಬಿಟ್ಟದ್ದನ್ನು ಒಲೆಗೆ ಹಾಕಿ. ಗಿಲಕಿಗೆ 200 ಮಿಲಿಯ ಬಾಟಲಿ, ಕಾಲು ಭಾಗ ರಾಗಿ, ಮುಚ್ಚಳಕ್ಕೆ ಅಂಟು ಹಾಕಿ ಮೇಲೆ ಟೇಪು. ಹುರುಳಿ, ಕಡಲೆ ಬೇಡ: ಮುಚ್ಚಳ ಬಿಟ್ಟರೆ ನೇರ ಮೂಗಿಗೆ. ಬಿಡಿ ಗೆಜ್ಜೆಯೂ ಬೇಡ.

ಬಂದ ಕೂಡಲೇ ಹಂಚಬೇಡಿ, ಆಮೇಲೆ ಹಾಡು ಯಾರಿಗೂ ಕೇಳಿಸದು. ಮೊದಲು ಹೆಸರು ಹಾಡಿ ಕರೆಯುವುದು: ಒಬ್ಬರಿಗೆ ಐದು ಸೆಕೆಂಡಾದರೆ 25 ಹೆಸರಿಗೆ ಎರಡು ನಿಮಿಷ ಚಿಲ್ಲರೆ. ಆಮೇಲೆ ಕೈತಾಳ, ಆಮೇಲೆ ಗೆರಟೆ. ಒಟ್ಟು ಅರ್ಧ ಗಂಟೆ ದಾಟಿಸಬೇಡಿ. ಅಮ್ಮಂದಿರಿಗೂ ಒಂದೊಂದು ಜೋಡಿ ಕೊಡಿ, ಎರಡೂ ಕೈ ತುಂಬಿದರೆ ಮೊಬೈಲು ತಾನಾಗಿ ಚೀಲ ಸೇರುತ್ತದೆ!

ಪೆರ್ಲದ ಓದುಗ
ಭಾಷೆಗೆ ಏನು ಮಾಡುವುದು? ಝಂಪೆ ತಾಳ ಹಿಡಿಯಬಹುದೇ?

ಎಡ_ಬಲ
ಝಂಪೆ ಈಗ ಬೇಡ, ಏಕತಾಳ ಧಾರಾಳ. ಸಾಹಿತ್ಯದ ಬದಲು ಬಾಯಿತಾಳ (ಮದ್ದಳೆಯ ನುಡಿಗಳನ್ನು ಬಾಯಲ್ಲಿ ಹೇಳುವುದು) ಹೇಳಿಸಿ, ‘ತಾಂ’ ‘ಧೀಂ’ ಎನ್ನಲು ಯಾವ ಮನೆಮಾತೂ ಅಡ್ಡಿಯಿಲ್ಲ. ನಿಲ್ಲಿಸುವುದಕ್ಕೆ ಬಿಡ್ತಿಗೆ, ಅಂದರೆ ಮದ್ದಳೆಯ ಮುಕ್ತಾಯದ ನುಡಿತ: ಮುಗಿದ ಕೂಡಲೇ ಎಲ್ಲರ ಗೆರಟೆ ನೆಲಕ್ಕೆ. ಪ್ರತಿಸಲ ಅದೇ ಬಿಡ್ತಿಗೆ ಬರಬೇಕು. ಮದ್ದಳೆಯವರು ಹುರುಪಿನಲ್ಲಿ ಹೊಸದು ಹಾಕಿದರೆ ಯಾರೂ ನಿಲ್ಲಿಸುವುದಿಲ್ಲ, ಮೊದಲೇ ಹೇಳಿಡಿ.