ಕಾನೂನಿನಲ್ಲಿ 30% ಮಹಿಳಾ ಕೋಟಾ ಇದ್ದರೂ ಸದನಕ್ಕೆ ಬಂದು ಮುಟ್ಟುವುದಿಲ್ಲ, ಯಾಕೆ?

ತೌಲನಿಕ:
ಮಹಿಳಾ ಕೋಟಾ ಕಾನೂನುಗಳನ್ನು ಹೋಲಿಸಿ ಒಂದು ಟಿಪ್ಪಣಿ ಸಿದ್ಧವಾಗಬೇಕಿದೆ. ಅರ್ಜೆಂಟೀನಾ 1991ರಲ್ಲಿ, ಬ್ರೆಜಿಲ್ 1997ರಲ್ಲಿ ಅಭ್ಯರ್ಥಿಗಳಲ್ಲಿ ಮಹಿಳೆಯರಿಗೆ 30% ಎಂದು ಕಾನೂನು ಮಾಡಿದವು. ಅರ್ಜೆಂಟೀನಾದ ಕೆಳಮನೆಯಲ್ಲಿ ಮಹಿಳೆಯರು ಕೆಲವೇ ವರ್ಷಗಳಲ್ಲಿ ಕಾಲು ಭಾಗದ ಆಸುಪಾಸಿಗೆ ಬಂದರು. ಬ್ರೆಜಿಲ್ 2022ರ ಚುನಾವಣೆಯಲ್ಲೂ 18% ದಾಟಲಿಲ್ಲ. ‘ಅಲ್ಲಿನ ಸಮಾಜವೇ ಹಾಗೆ’ ಅನ್ನುವ ಉತ್ತರ ಬೇಡ. ಕಾನೂನು ಕೈಗೆ ಸಿಕ್ಕಾಗ ಯಾವ ಯಾವ ಅಂಶ ಹುಡುಕಬೇಕು?

ಪಟ್ಟಿಪುರಾಣ:
ಈ ದೇಶಗಳಲ್ಲಿ ಒಂದು ಕ್ಷೇತ್ರಕ್ಕೆ ಹಲವು ಸೀಟು, ಪಕ್ಷ ಹೆಸರುಗಳ ಪಟ್ಟಿ ಕೊಡುತ್ತದೆ, ಮತಕ್ಕೆ ತಕ್ಕಷ್ಟು ಸೀಟು ಪಡೆಯುತ್ತದೆ. ಹಾಗಾಗಿ ಮೊದಲು ನೋಡಬೇಕಾದ್ದು ಪಟ್ಟಿಯಲ್ಲಿ ಹೆಸರು ಎಷ್ಟನೇ ಸ್ಥಾನದಲ್ಲಿದೆ ಅನ್ನುವುದನ್ನು. ಶೇಕಡಾವಾರು ಆಮೇಲೆ. ಕೋಸ್ಟರಿಕಾ 1996ರಲ್ಲೇ 40% ಕೋಟಾ ತಂದಿತು, ಆದರೆ ಮಹಿಳೆಯರ ಹೆಸರು ಪಟ್ಟಿಯ ಬಾಲದಲ್ಲಿ ಇರಬಾರದು ಎಂದು ಹೇಳಲಿಲ್ಲ. 1998ರಲ್ಲಿ 57 ಸದಸ್ಯರ ಸದನಕ್ಕೆ ಬಂದವರು 11 ಮಹಿಳೆಯರು. ‘ಗೆಲ್ಲಬಲ್ಲ ಸ್ಥಾನಗಳಲ್ಲೇ 40% ಇರಬೇಕು’ ಎಂದು ಅಲ್ಲಿನ ಚುನಾವಣಾ ನ್ಯಾಯಮಂಡಳಿ ತೀರ್ಪು ಕೊಟ್ಟ ಮೇಲೆ, 2002ರಲ್ಲಿ 20. ಶೇಕಡಾವಾರು ಬದಲಾಗಿರಲೇ ಇಲ್ಲ.

ಎರಡನೆಯದು, ಪಟ್ಟಿ ಮುಕ್ತವೋ ಮುಚ್ಚಿದ್ದೋ. ಅರ್ಜೆಂಟೀನಾದ್ದು ಮುಚ್ಚಿದ ಪಟ್ಟಿ, ಪಕ್ಷ ಕೊಟ್ಟ ಕ್ರಮದಲ್ಲೇ ಗೆಲ್ಲುತ್ತಾರೆ. ಬ್ರೆಜಿಲಿನಲ್ಲಿ ಮತದಾರ ವ್ಯಕ್ತಿಗೇ ಮತ ಹಾಕಬಹುದು, ಹಾಗಾಗಿ ಪಟ್ಟಿಯ ಕ್ರಮಕ್ಕೆ ಅರ್ಥವಿಲ್ಲ. ಪ್ರಚಾರಕ್ಕೆ ದುಡ್ಡು ಯಾರಿಗೆ ಸಿಗುತ್ತದೆ ಅನ್ನುವುದೇ ಕ್ರಮವಾಗಿಬಿಡುತ್ತದೆ. ಅದರ ಮೇಲೆ, ಪಕ್ಷಗಳು ಸೀಟುಗಳ ಒಂದೂವರೆ ಪಟ್ಟು ಹೆಸರು ಕೊಡಬಹುದಿತ್ತು. 2009ರವರೆಗೆ ಮಹಿಳೆಯರ 30% ಜಾಗ ಖಾಲಿ ಬಿಟ್ಟರೂ ನಡೆಯುತ್ತಿತ್ತು. ಹಾಗಾಗಿ ಯಾವ ಗಂಡಸಿನ ಟಿಕೆಟ್ಟೂ ತಪ್ಪಲಿಲ್ಲ. ಭರ್ತಿ ಕಡ್ಡಾಯವಾದ ಮೇಲೆ ಲೆಕ್ಕ ತುಂಬಿಸಲು ಪ್ರಚಾರವೇ ಮಾಡದ ಡಮ್ಮಿ ಮಹಿಳಾ ಅಭ್ಯರ್ಥಿಗಳು ಬಂದರು. 2018ರಲ್ಲಿ ಚುನಾವಣಾ ನಿಧಿಯ ಕನಿಷ್ಠ 30% ಮಹಿಳೆಯರಿಗೆ ಎಂಬ ನಿಯಮ ಬಂದದ್ದು ಇದೇ ಕಾರಣಕ್ಕೆ.

ಎಣಿಕೆ_ಮೇಷ್ಟ್ರು:
ಪಟ್ಟಿಪುರಾಣ ಅವರು ಹೇಳಿದ್ದು ಸರಿ, ಆದರೆ ಕ್ರಮ ಒಂದೇ ಸಾಲದು. ಒಂದು ಹೆಣ್ಣು ಒಂದು ಗಂಡು ಎಂದು ಪಟ್ಟಿ ಹೆಣೆದರೂ ಮೊದಲ ಹೆಸರು ಯಾರದ್ದು ಎಂದು ಕೇಳಿ. ಲೆಕ್ಕ ಹಾಕಿ ನೋಡಿ: 5 ಸೀಟಿನ ಕ್ಷೇತ್ರ, ಮೂರು ಪಕ್ಷಗಳಿಗೆ 3, 1, 1 ಸೀಟು, ಮೂರೂ ಪಟ್ಟಿಯ ತಲೆಯಲ್ಲಿ ಗಂಡಸರು. ಮಹಿಳೆಯರಿಗೆ ಸಿಗುವುದು 1+0+0, ಅಂದರೆ 20%. ಅದೇ 10 ಸೀಟಿನ ಕ್ಷೇತ್ರದಲ್ಲಿ 5, 3, 2 ಬಂದರೆ 2+1+1, ಅಂದರೆ 40%. ಪಟ್ಟಿಯಲ್ಲಿ ಎರಡೂ ಕಡೆ ಅರ್ಧಕ್ಕರ್ಧ! ಒಂದು ಕ್ಷೇತ್ರದಲ್ಲಿ ಒಂದು ಪಕ್ಷ ಸರಾಸರಿ ಎಷ್ಟು ಸೀಟು ಗೆಲ್ಲುತ್ತದೆ ಅನ್ನುವುದು ನಿಮ್ಮ ಟಿಪ್ಪಣಿಯಲ್ಲಿ ಒಂದು ಕಾಲಂ ಆಗಲೇಬೇಕು.

ಟ್ಯುನೀಷಿಯಾದಲ್ಲಿ 2011ರಲ್ಲಿ ಹೀಗೇ ಆಯಿತು. ಹೆಸರುಗಳು ಒಂದು ಬಿಟ್ಟು ಒಂದು ಇರಬೇಕೆಂಬುದು ಕಡ್ಡಾಯವಿತ್ತು, ಆದರೆ ಹತ್ತರಲ್ಲಿ ಒಂಬತ್ತಕ್ಕೂ ಹೆಚ್ಚು ಪಟ್ಟಿಗಳ ತಲೆಯಲ್ಲಿ ಗಂಡಸರು. ಒಂದೇ ಸೀಟು ಗೆದ್ದ ಸಣ್ಣ ಪಕ್ಷಗಳಿಂದ ಮಹಿಳೆಯರು ಬರುವುದು ಹೇಗೆ? 2018ರ ಸ್ಥಳೀಯ ಚುನಾವಣೆಗೆ, ಪಕ್ಷದ ಒಟ್ಟು ಪಟ್ಟಿಗಳಲ್ಲಿ ಅರ್ಧಕ್ಕೆ ಮಹಿಳೆಯೇ ಮೊದಲ ಹೆಸರಾಗಿರಬೇಕು ಎಂದರು. ಮಹಿಳೆಯರು 47%ಗೆ ಬಂದರು.

ಇನ್ನೊಂದು ಸಣ್ಣ ಕಿತಾಪತಿ: ಭಿನ್ನರಾಶಿ. 3 ಹೆಸರಿಗೆ 30% ಅಂದರೆ 0.9. ಕೆಳಕ್ಕಿಳಿಸಿದರೆ ಸೊನ್ನೆ, ಮೇಲಕ್ಕೇರಿಸಿದರೆ ಒಂದು. ಕಾನೂನು ಸುಮ್ಮನಿದ್ದರೆ ಯಾವುದನ್ನು ಆರಿಸುತ್ತಾರೆಂದು ಹೇಳಬೇಕಿಲ್ಲ.

ದಂಡಸಂಹಿತೆ:
ಉಲ್ಲಂಘಿಸಿದರೆ ಏನು ಎಂಬ ಕಲಮನ್ನು ಯಾರೂ ಪ್ರಸ್ತಾಪಿಸಲಿಲ್ಲ. ನನ್ನ ಪ್ರಕಾರ ಓದು ಶುರುವಾಗಬೇಕಾದ್ದೇ ಅಲ್ಲಿಂದ. ಪಟ್ಟಿಯನ್ನೇ ತಿರಸ್ಕರಿಸುವ ಅಧಿಕಾರ ಇದ್ದರೆ ಕೋಟಾ ನಡೆಯುತ್ತದೆ. ಬರೀ ದಂಡವಾದರೆ ದೊಡ್ಡ ಪಕ್ಷಗಳು ಕಟ್ಟಿ ಕೈತೊಳೆದುಕೊಳ್ಳುತ್ತವೆ. ಫ್ರಾನ್ಸಿನ 2000ದ ಕಾನೂನಿನಲ್ಲಿ ಸಂಸತ್ತಿನ ಕೆಳಮನೆಯ ಚುನಾವಣೆಗೆ ಇದ್ದದ್ದು, ಸರ್ಕಾರ ಪಕ್ಷಗಳಿಗೆ ಕೊಡುವ ಅನುದಾನದಲ್ಲಿ ಕಡಿತ ಮಾತ್ರ. ನೂರು ಅಭ್ಯರ್ಥಿಗಳಲ್ಲಿ 70 ಗಂಡಸರು, 30 ಮಹಿಳೆಯರಾದರೆ ಅಂತರ 40. ಕಡಿತ ಅದರ ಅರ್ಧ, 20%. ಅದೂ ಮತಗಳ ಲೆಕ್ಕದಲ್ಲಿ ಬರುವ ಅನುದಾನಕ್ಕೆ ಮಾತ್ರ. ಗೆದ್ದ ಸೀಟಿನ ಲೆಕ್ಕದಲ್ಲಿ ಬರುವ ಕಂತನ್ನು ಮುಟ್ಟುವಂತಿಲ್ಲ. 2002ರಲ್ಲಿ ಗೆದ್ದು ಬಂದ ಮಹಿಳೆಯರು 12.3%. 2014ರಲ್ಲಿ ಕಡಿತವನ್ನು ಅಂತರದ ಒಂದೂವರೆ ಪಟ್ಟಿಗೆ ಏರಿಸಿದರು (ಇದೇ ಉದಾಹರಣೆಗೆ 60%). 2017ರಲ್ಲಿ 38.8% ಆಯಿತು, ಹೊಸ ಪಕ್ಷವೊಂದು ಗುಡಿಸಿಕೊಂಡು ಗೆದ್ದದ್ದೂ ಅದಕ್ಕೆ ಕಾರಣ, ಅದನ್ನು ಪ್ರತ್ಯೇಕಿಸಿ ಬರೆಯಿರಿ.

ಗೆದ್ದ ಮೇಲೂ ತೂತಿದೆ. ಮೆಕ್ಸಿಕೊದಲ್ಲಿ ಪ್ರತಿ ಅಭ್ಯರ್ಥಿಗೆ ಒಬ್ಬ ಬದಲಿ ಇರುತ್ತಾರೆ. 2009ರಲ್ಲಿ ಗೆದ್ದ ಹಲವು ಮಹಿಳೆಯರು ಆರಂಭದಲ್ಲೇ ರಜೆ ಕೇಳಿ, ಬದಲಿ ಗಂಡಸರು ಸೀಟಿಗೆ ಬಂದರು. ಮಹಿಳೆಗೆ ಬದಲಿ ಮಹಿಳೆಯೇ ಆಗಬೇಕೆಂದು ಚುನಾವಣಾ ನ್ಯಾಯಮಂಡಳಿ 2011ರಲ್ಲಿ ಆದೇಶಿಸಿತು.

ತೌಲನಿಕ:
ಉಪಕಾರವಾಯಿತು. ಒಂದು ಕ್ಷೇತ್ರಕ್ಕೆ ಒಬ್ಬರೇ ಇರುವ ಕಡೆ ಪಟ್ಟಿಯೇ ಇಲ್ಲವಲ್ಲ, ಅಲ್ಲಿ ಏನು ನೋಡಲಿ?

ಎಣಿಕೆ_ಮೇಷ್ಟ್ರು:
ಸೋಲುವ ಕ್ಷೇತ್ರಗಳನ್ನೇ ಮಹಿಳೆಯರಿಗೆ ಕೊಡುತ್ತಾರೋ ನೋಡಿ. ಮೆಕ್ಸಿಕೊದ ವಿಧಾನ ನಿಮ್ಮ ಟಿಪ್ಪಣಿಗೂ ಆಗುತ್ತದೆ: ಪಕ್ಷದ ಹಿಂದಿನ ಮತಪ್ರಮಾಣದ ಪ್ರಕಾರ ಕ್ಷೇತ್ರಗಳನ್ನು ಜೋಡಿಸಿ, ಮೂರು ಭಾಗ ಮಾಡಿ, ತಳದ ಭಾಗದಲ್ಲಿ ಮಹಿಳೆಯರು ಕಿಕ್ಕಿರಿದಿದ್ದಾರೆಯೇ ಎಂದು ಎಣಿಸುವುದು. 2018ರಲ್ಲಿ ಅಲ್ಲಿ 500ಕ್ಕೆ 241 ಮಹಿಳೆಯರು.

ಪಟ್ಟಿಪುರಾಣ:
ಕ್ಷೇತ್ರವನ್ನೇ ಮೀಸಲಿಟ್ಟರೆ ಸೋಲುವ ಸೀಟಿನ ಸಮಸ್ಯೆ ಇಲ್ಲ, ಆದರೆ ಸರದಿ ಎಷ್ಟು ಬೇಗ ತಿರುಗುತ್ತದೆ ಎಂದು ನೋಡಿ. ಪ್ರತಿ ಚುನಾವಣೆಗೂ ತಿರುಗಿದರೆ ಗೆದ್ದವಳು ಅದೇ ಕ್ಷೇತ್ರದಲ್ಲಿ ಮತ್ತೆ ಟಿಕೆಟ್ ಪಡೆಯುವುದು ಕಷ್ಟ, ಕೆಲಸ ಕಲಿತ ಹೊತ್ತಿಗೆ ಹೊರಗೆ. ಭಾರತದ 2023ರ 106ನೇ ತಿದ್ದುಪಡಿ ಲೋಕಸಭೆ, ವಿಧಾನಸಭೆಗಳಲ್ಲಿ ಮೂರನೇ ಒಂದು ಭಾಗ ಮೀಸಲಿಟ್ಟು, ಸರದಿಯನ್ನು ಕ್ಷೇತ್ರ ಮರುವಿಂಗಡಣೆಗೆ ಕಟ್ಟಿಹಾಕಿದೆ. ರಾಜ್ಯಸಭೆ, ವಿಧಾನ ಪರಿಷತ್ತುಗಳು ಅದರಲ್ಲಿ ಇಲ್ಲ. ಇದಕ್ಕೆ ಬೇರೆ ಮಾದರಿಯೂ ಇದೆ: ಫ್ರಾನ್ಸಿನ ಜಿಲ್ಲಾ ಮಂಡಳಿಗಳಿಗೆ 2015ರಿಂದ ಪ್ರತಿ ಕ್ಷೇತ್ರದಲ್ಲೂ ಒಬ್ಬ ಹೆಣ್ಣು, ಒಬ್ಬ ಗಂಡು ಜೋಡಿಯಾಗಿಯೇ ನಿಲ್ಲಬೇಕು. ಸದಸ್ಯತ್ವ ಅರ್ಧಕ್ಕರ್ಧ ಆಯಿತು. ಅಧ್ಯಕ್ಷ ಸ್ಥಾನಕ್ಕೆ ಆ ನಿಯಮವಿಲ್ಲ. ಅಲ್ಲಿ 2015ರಲ್ಲಿ ಮಹಿಳೆಯರು ಹತ್ತರಲ್ಲಿ ಒಬ್ಬರ ಆಸುಪಾಸಿನಲ್ಲೇ ಉಳಿದರು. ಸಮಿತಿ, ಅಧ್ಯಕ್ಷಗಿರಿಗೆ ಬೇರೆಯೇ ಕಾಲಂ ಹಾಕಿ.