ಬಿಟ್‌ಕಾಯಿನ್ ಏರಿದರೂ ಕಾಲ್ ಇಳಿದದ್ದೇಕೆ? ಕ್ರಿಪ್ಟೋ ಆಪ್ಷನ್ ವಹಿವಾಟಿನ ಪ್ರಶ್ನೋತ್ತರ

ಪ್ರಶ್ನೆ (ದಾವಣಗೆರೆಯ ಸದಸ್ಯರು):
ನಮಸ್ಕಾರ ಸರ್. ನಾನು ನಾಲ್ಕು ವರ್ಷ ಬ್ಯಾಂಕ್ ಷೇರುಗಳ ಸೂಚ್ಯಂಕವಾದ ಬ್ಯಾಂಕ್ ನಿಫ್ಟಿಯ ವಾರದ ಆಪ್ಷನ್‌ಗಳಲ್ಲಿ (ಗೊತ್ತಾದ ದಿನಕ್ಕೆ, ಗೊತ್ತಾದ ಬೆಲೆಗೆ ಕೊಳ್ಳುವ ಇಲ್ಲವೇ ಮಾರುವ ಹಕ್ಕಿನ ಒಪ್ಪಂದ) ವಹಿವಾಟು ನಡೆಸಿದವನು. 2024ರ ನವೆಂಬರ್‌ನಲ್ಲಿ ಅದರ ವಾರದ ಎಕ್ಸ್‌ಪೈರಿ (ಒಪ್ಪಂದ ಮುಗಿಯುವ ದಿನ) ನಿಂತ ಮೇಲೆ, ದಿನವೂ ಎಕ್ಸ್‌ಪೈರಿ ಇರುತ್ತದೆ ಮತ್ತು ಸಣ್ಣ ಲಾಟ್ ಸಿಗುತ್ತದೆ ಎಂಬ ಕಾರಣಕ್ಕೆ ಬಿಟ್‌ಕಾಯಿನ್ ಆಪ್ಷನ್‌ಗಳತ್ತ ಬಂದೆ. ನಿನ್ನೆ ರಾತ್ರಿ ಅಮೆರಿಕದ ಫೆಡರಲ್ ರಿಸರ್ವ್ ಬಡ್ಡಿದರ ಪ್ರಕಟಿಸುವುದಕ್ಕೆ ಕೆಲವು ಗಂಟೆ ಮೊದಲು ಒಂದು ಕಾಲ್ (ಕೊಳ್ಳುವ ಹಕ್ಕಿನ ಆಪ್ಷನ್) ಕೊಂಡೆ. ಲೆಕ್ಕ ಸುಲಭವಾಗಲೆಂದು ದುಂಡು ಸಂಖ್ಯೆಯಲ್ಲಿ ಹೇಳುತ್ತೇನೆ: ಬಿಟ್‌ಕಾಯಿನ್ 1,00,000 ಡಾಲರ್, ಸ್ಟ್ರೈಕ್ (ಒಪ್ಪಂದದಲ್ಲಿ ಗೊತ್ತಾದ ಬೆಲೆ) 1,02,000, ಎಕ್ಸ್‌ಪೈರಿಗೆ ಎರಡು ದಿನ, ಪ್ರೀಮಿಯಂ (ಆ ಹಕ್ಕಿಗೆ ಕೊಡುವ ಬೆಲೆ) ಒಂದು ಬಿಟ್‌ಕಾಯಿನ್‌ಗೆ 1,240. ಒಂದು ಲಾಟ್ ಎಂದರೆ ಬಿಟ್‌ಕಾಯಿನ್‌ನ ಸಾವಿರದ ಒಂದು ಭಾಗ. ನಾನು 100 ಲಾಟ್ ತೆಗೆದುಕೊಂಡೆನಾದ್ದರಿಂದ 124 ಡಾಲರ್ ಹೋಯಿತು. ಇಂದು ಬಿಟ್‌ಕಾಯಿನ್ 1,01,000 ಆಗಿದೆ, ಆದರೆ ನನ್ನ ಕಾಲ್ 540ಕ್ಕೆ ಇಳಿದಿದೆ. ನಾನು ಊಹಿಸಿದ ದಿಕ್ಕಿಗೇ ಬೆಲೆ ಹೋಗಿರುವಾಗ ಅರ್ಧಕ್ಕಿಂತ ಹೆಚ್ಚು ಹಣ ಕರಗಿದ್ದು ಹೇಗೆ? ಪ್ಲಾಟ್‌ಫಾರ್ಮ್‌ನವರು ಏನಾದರೂ ಕೈಚಳಕ ಮಾಡುತ್ತಾರೆಯೇ? ನಿನ್ನೆಯ ಮತ್ತು ಇಂದಿನ ಸ್ಕ್ರೀನ್‌ಶಾಟ್ ಹಾಕಿದ್ದೇನೆ.

ಉತ್ತರ (ಡಿರೈವೇಟಿವ್ಸ್ ರಿಸ್ಕ್ ವಿಭಾಗದಲ್ಲಿ ಕೆಲಸ ಮಾಡುವ ಸದಸ್ಯರು):
ನಮಸ್ಕಾರ. ಇಲ್ಲಿ ಕೈಚಳಕವೇನೂ ಇಲ್ಲ. ನಿಮ್ಮ ಎರಡು ಸ್ಕ್ರೀನ್‌ಶಾಟ್‌ಗಳಲ್ಲಿ ಪ್ರೀಮಿಯಂ ಪಕ್ಕದ ಅಂಕಣವನ್ನು ನೋಡಿ: ನಿನ್ನೆ ಐವಿ (ಇಂಪ್ಲೈಡ್ ವೊಲಟಿಲಿಟಿ) 70 ಇತ್ತು, ಇಂದು 45 ಇದೆ. ಮುಂದಿನ ದಿನಗಳಲ್ಲಿ ಬೆಲೆ ಎಷ್ಟು ಅಲುಗಾಡಬಹುದು ಎಂದು ಮಾರುಕಟ್ಟೆ ಇಟ್ಟುಕೊಂಡಿರುವ ಅಂದಾಜೇ ಐವಿ, ಮತ್ತು ಆಪ್ಷನ್ ಕೊಳ್ಳುವವನು ನಿಜವಾಗಿ ಹಣ ಕೊಡುವುದು ಆ ಅಂದಾಜಿಗೆ. ಫೆಡ್ ಪ್ರಕಟಣೆ ನಮ್ಮ ಕಾಲಮಾನದಲ್ಲಿ ಅಲ್ಲಿನ ಬೇಸಿಗೆಯಲ್ಲಿ ರಾತ್ರಿ 11.30ಕ್ಕೆ, ಚಳಿಗಾಲದಲ್ಲಿ 12.30ಕ್ಕೆ ಬರುತ್ತದೆ, ಅದಕ್ಕೆ ಮುಂಚಿನ ಗಂಟೆಗಳಲ್ಲಿ ಎಲ್ಲರಿಗೂ ಆಪ್ಷನ್ ಬೇಕಾಗಿರುವುದರಿಂದ ಐವಿ ಏರುತ್ತದೆ, ಸುದ್ದಿ ಹೊರಬಿದ್ದ ಕೂಡಲೇ ಕುಸಿಯುತ್ತದೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ ಕನಕಾಂಬರ ಕೊಂಡು ಹಬ್ಬದ ಮರುದಿನ ಮಾರಲು ಕುಳಿತರೆ ಏನಾಗುತ್ತದೆಯೋ ಅದೇ ನಿಮ್ಮ ಕಾಲ್‌ಗೂ ಆಗಿದೆ.

ಈಗ ನಷ್ಟವನ್ನು ಬಿಡಿಸಿ ನೋಡೋಣ. ಐವಿ 70ರಲ್ಲೇ ಉಳಿದು, ಒಂದು ದಿನ ಕಳೆದು, ಬೆಲೆ 1,01,000ಕ್ಕೆ ಏರಿದ್ದರೆ ನಿಮ್ಮ ಕಾಲ್ ಸುಮಾರು 1,035ಕ್ಕೆ ನಿಲ್ಲುತ್ತಿತ್ತು. ಅಂದರೆ ಸಾವಿರ ಡಾಲರ್ ಏರಿಕೆ ಕೊಟ್ಟದ್ದಕ್ಕಿಂತ ಒಂದು ದಿನದ ಸವೆತ ತಿಂದದ್ದೇ 205 ಡಾಲರ್ ಹೆಚ್ಚು. ಇದು ಥೀಟಾ, ಬ್ಯಾಂಕ್ ನಿಫ್ಟಿಯಲ್ಲಿ ನಿಮಗೆ ಚೆನ್ನಾಗಿ ಪರಿಚಯವಿರುವ ಲೆಕ್ಕ. ಅಲ್ಲಿಂದ 540ಕ್ಕೆ ಇಳಿದ ಇನ್ನೂ 495 ಡಾಲರ್ ಪೂರ್ತಿಯಾಗಿ ಐವಿ ಕುಸಿತದ ಪಾಲು. ಎಕ್ಸ್‌ಪೈರಿಯ ತನಕ ಹಿಡಿದರೂ ನಿಮಗೆ ಅಸಲು ಬರಬೇಕಾದರೆ ಬಿಟ್‌ಕಾಯಿನ್ 1,03,240 ಮುಟ್ಟಬೇಕಿತ್ತು ಎಂಬುದನ್ನು ಕೊಳ್ಳುವ ಮೊದಲೇ ಕಾಗದದ ಮೇಲೆ ಬರೆದಿದ್ದರೆ, ಬಹುಶಃ ನೀವೇ ಒಂದು ಕ್ಷಣ ತಡೆದು ಯೋಚಿಸುತ್ತಿದ್ದಿರಿ.

ಇಂಥ ಸಂಜೆಗಳಲ್ಲಿ ಏರಿಕೆಯ ಮೇಲೆ ನಂಬಿಕೆಯಿದ್ದರೆ ಬರಿಯ ಕಾಲ್ ಕೊಳ್ಳುವ ಬದಲು ಸ್ಪ್ರೆಡ್ ಮಾಡುವುದು, ಅಂದರೆ ಒಂದು ಕಾಲ್ ಕೊಂಡು ಮೇಲಿನ ಸ್ಟ್ರೈಕ್‌ನ ಇನ್ನೊಂದನ್ನು ಮಾರುವುದು ಲೇಸು. ಅದೇ 70 ಐವಿಯಲ್ಲಿ 1,05,000 ಸ್ಟ್ರೈಕ್‌ನ ಕಾಲ್ ಸುಮಾರು 490 ಡಾಲರ್ ಬೆಲೆಬಾಳುತ್ತಿತ್ತು. ಅದನ್ನು ಮಾರಿದ್ದರೆ ನಿಮ್ಮ ಖರ್ಚು 750ಕ್ಕೆ ಇಳಿಯುತ್ತಿತ್ತು. ಇಂದು ಆ ಜೋಡಿಯ ಬೆಲೆ ಸುಮಾರು 490 ಇರುತ್ತಿದ್ದುದರಿಂದ ನಷ್ಟ 700ರ ಬದಲು 260ಕ್ಕೆ ನಿಲ್ಲುತ್ತಿತ್ತು. ದುಬಾರಿಯಾದ ಐವಿಯನ್ನು ಒಂದು ಕೈಯಿಂದ ಕೊಂಡು ಇನ್ನೊಂದು ಕೈಯಿಂದ ಮಾರಿದಂತೆ ಆಗುವುದೇ ಇದಕ್ಕೆ ಕಾರಣ. ಲಾಭಕ್ಕೆ 2,250 ಎಂಬ ಮಿತಿ ಬೀಳುತ್ತದೆ, ನಿಜ. ಎರಡು ದಿನದ ಒಪ್ಪಂದಕ್ಕೆ ಅದು ಕಡಿಮೆಯೇನಲ್ಲ.

ಮರುಪ್ರಶ್ನೆ (ಅದೇ ಸದಸ್ಯರು):
ಅರ್ಥವಾಯಿತು ಸರ್. ಆದರೆ ಐವಿ 70 ಎಂದರೆ ದುಬಾರಿಯೋ ಅಗ್ಗವೋ ಎಂದು ತಿಳಿಯುವುದು ಹೇಗೆ? ನಿಫ್ಟಿಯಲ್ಲಿ 13, 14 ನೋಡಿ ಅಭ್ಯಾಸವಾದವನಿಗೆ ಇಲ್ಲಿ ಎಲ್ಲವೂ ದುಬಾರಿಯಾಗಿಯೇ ಕಾಣುತ್ತದೆ.

ಉತ್ತರ:
ಐವಿ ವರ್ಷದ ಲೆಕ್ಕದ ಶೇಕಡ, ಅದನ್ನು ದಿನಕ್ಕೆ ಇಳಿಸಲು 19ರಿಂದ ಭಾಗಿಸಿ. ಕ್ರಿಪ್ಟೋ ಮಾರುಕಟ್ಟೆ ವರ್ಷದ 365 ದಿನವೂ ತೆರೆದಿರುತ್ತದೆ, 365ರ ವರ್ಗಮೂಲ ಸುಮಾರು 19. ಐವಿ 70 ಎಂದರೆ ದಿನಕ್ಕೆ 3.7 ಶೇಕಡ ಏರಿಳಿತವನ್ನು ಮಾರುಕಟ್ಟೆ ಬೆಲೆಗಟ್ಟಿದೆ, ಸರಿಸುಮಾರು ಮೂರರಲ್ಲಿ ಎರಡು ದಿನ ಬೆಲೆ ಆ ವ್ಯಾಪ್ತಿಯೊಳಗೇ ಇರುತ್ತದೆಂದು ಭಾವಿಸಿದೆ ಎಂದು ಅರ್ಥ. ನಿಫ್ಟಿಗೆ ವಹಿವಾಟಿನ ದಿನಗಳು 252ರ ಆಸುಪಾಸು ಆದ್ದರಿಂದ 16ರಿಂದ ಭಾಗಿಸಬೇಕು. 13 ಅಲ್ಲಿ 0.8 ಶೇಕಡ ಆಗುತ್ತದೆ. ಹೀಗೆ ಬಂದ ಸಂಖ್ಯೆಯನ್ನು ಕಳೆದ ಎರಡು ಮೂರು ವಾರ ಬಿಟ್‌ಕಾಯಿನ್ ದಿನಕ್ಕೆ ನಿಜವಾಗಿ ಎಷ್ಟು ಚಲಿಸಿದೆ ಎಂಬುದರ ಪಕ್ಕದಲ್ಲಿಟ್ಟು ನೋಡಿ. ವಿದೇಶಿ ಕ್ರಿಪ್ಟೋ ಎಕ್ಸ್‌ಚೇಂಜ್ ಆದ ಡೆರಿಬಿಟ್ 2021ರಿಂದ ಡಿವಾಲ್ ಎಂಬ ಐವಿ ಸೂಚ್ಯಂಕವನ್ನು ಪ್ರಕಟಿಸುತ್ತಿದೆ; ನಿಫ್ಟಿಯ ಏರಿಳಿತದ ಅಂದಾಜು ತೋರಿಸುವ ನಮ್ಮ ಇಂಡಿಯಾ ವಿಕ್ಸ್‌ನಂತೆಯೇ ಅದನ್ನು ಓದಬಹುದು.

ಪ್ರಶ್ನೆ (ಮೈಸೂರಿನ ಸದಸ್ಯರು, ನಿವೃತ್ತರು):
ಹಾಗಾದರೆ ಕೊಳ್ಳುವ ಬದಲು ಮಾರುವುದೇ ಜಾಣತನವಲ್ಲವೇ? ನಾನು ಮೂರು ತಿಂಗಳಿಂದ ರಾತ್ರಿ ಮಲಗುವ ಮುನ್ನ ಆಗಿನ ಬೆಲೆಗಿಂತ 6 ಶೇಕಡ ಕೆಳಗಿನ ಸ್ಟ್ರೈಕ್‌ನ, ಒಂದು ದಿನದ ಪುಟ್ (ಮಾರುವ ಹಕ್ಕಿನ ಆಪ್ಷನ್) ಮಾರುತ್ತಿದ್ದೇನೆ. ಒಂದು ಬಿಟ್‌ಕಾಯಿನ್‌ಗೆ ಸುಮಾರು 65 ಡಾಲರ್ ಲೆಕ್ಕದಲ್ಲಿ ಮನೆ ಬಾಡಿಗೆ ಬಂದ ಹಾಗೆ ಬರುತ್ತಿದೆ. ಇದುವರೆಗೆ ಒಂದು ದಿನವೂ ಕೈ ಸುಟ್ಟುಕೊಂಡಿಲ್ಲ.

ಉತ್ತರ:
ಹಿರಿಯರೇ, ನೀವು ಮನೆಯನ್ನು ಬಾಡಿಗೆಗೆ ಕೊಟ್ಟಿಲ್ಲ, ಬೆಂಕಿ ವಿಮೆ ಮಾರುತ್ತಿದ್ದೀರಿ. 2025ರ ಅಕ್ಟೋಬರ್ 10ರ ಶುಕ್ರವಾರವನ್ನು ನೆನಪಿಸಿಕೊಳ್ಳಿ. ಚೀನಾದ ಸರಕುಗಳ ಮೇಲೆ ಇನ್ನೂ 100 ಶೇಕಡ ಸುಂಕ ಹಾಕುವುದಾಗಿ ಅಧ್ಯಕ್ಷ ಟ್ರಂಪ್ ಪ್ರಕಟಿಸಿದಾಗ ಅಲ್ಲಿ ಷೇರುಪೇಟೆ ಮುಚ್ಚಿತ್ತು, ನಮ್ಮಲ್ಲಿ ಶನಿವಾರದ ಬೆಳಗಿನ ಜಾವ ಎರಡೂವರೆಯ ಹೊತ್ತು. 1,22,000 ಡಾಲರ್ ಆಸುಪಾಸಿನಲ್ಲಿದ್ದ ಬಿಟ್‌ಕಾಯಿನ್ ಒಂದು ದಿನದೊಳಗೆ 1,05,000ದ ಹತ್ತಿರಕ್ಕೆ, ಅಂದರೆ ಸುಮಾರು 14 ಶೇಕಡ ಇಳಿಯಿತು. ಇಡೀ ಕ್ರಿಪ್ಟೋ ಮಾರುಕಟ್ಟೆಯಲ್ಲಿ 1,900 ಕೋಟಿ ಡಾಲರ್‌ಗೂ ಹೆಚ್ಚಿನ ಪೊಸಿಷನ್‌ಗಳು ಬಲವಂತವಾಗಿ ಮುಚ್ಚಲ್ಪಟ್ಟವು. ಬೆಲೆ 1,00,000 ಇದ್ದಾಗ 94,000 ಸ್ಟ್ರೈಕ್‌ನ ಪುಟ್ ಮಾರಿ ನೀವು ಮಲಗಿದ ರಾತ್ರಿ ಹೀಗಾಗಿ, ಬೆಲೆ 86,000ಕ್ಕೆ ಬಂದರೆ ನಷ್ಟ 8,000 ಡಾಲರ್. ನಿಮ್ಮ 65 ಡಾಲರ್ ಬಾಡಿಗೆಯ 123 ದಿನಗಳ ಗಳಿಕೆ ಅದು, ಮತ್ತು ನೀವು ಮಾರಲು ಆರಂಭಿಸಿ ಇನ್ನೂ ಮೂರೇ ತಿಂಗಳಾಗಿದೆ.

ಸ್ಟಾಪ್‌ಲಾಸ್ (ನಷ್ಟ ಗೊತ್ತಾದ ಮಟ್ಟ ಮುಟ್ಟಿದರೆ ಪೊಸಿಷನ್ ಮುಚ್ಚುವ ಆರ್ಡರ್) ಇದೆ ಎಂದು ನೀವು ಹೇಳಬಹುದು. ಅಂಥ ಹೊತ್ತಿನಲ್ಲಿ ಆಪ್ಷನ್ ಪರದೆಯಲ್ಲಿ ಕೊಳ್ಳುವ ಬೆಲೆಗೂ ಮಾರುವ ಬೆಲೆಗೂ ನಡುವೆ ಎತ್ತಿನಗಾಡಿ ಹೊರಳಿಸುವಷ್ಟು ಜಾಗ ಬಿದ್ದಿರುತ್ತದೆ, ಸ್ಟಾಪ್‌ಲಾಸ್ ಯಾವ ಬೆಲೆಗೆ ಮುಗಿಯುತ್ತದೆಂದು ಯಾರೂ ಹೇಳಲಾರರು. ಮಾರಲೇಬೇಕೆಂದಿದ್ದರೆ ಅದೇ ಹೊತ್ತಿಗೆ ಇನ್ನೂ ಕೆಳಗಿನ, ಉದಾಹರಣೆಗೆ 91,000 ಸ್ಟ್ರೈಕ್‌ನ ಒಂದು ಪುಟ್ ಕೊಂಡಿಡಿ. ಬಾಡಿಗೆ ಕಡಿಮೆಯಾಗುತ್ತದೆ, ಆದರೆ ನಷ್ಟ 3,000 ಡಾಲರ್ ಮೀರುವುದಿಲ್ಲ.

ಪ್ರಶ್ನೆ (ಬೆಂಗಳೂರಿನ ಸದಸ್ಯರು):
ನನ್ನ ಬಳಿ 2021ರಲ್ಲಿ ಕೊಂಡ ಒಂದು ಬಿಟ್‌ಕಾಯಿನ್ ಇದೆ. ಅದನ್ನೇ ಮಾರ್ಜಿನ್ (ಭದ್ರತಾ ಠೇವಣಿ) ಆಗಿಟ್ಟು ವಿದೇಶಿ ಎಕ್ಸ್‌ಚೇಂಜ್‌ನಲ್ಲಿ ಕಾಲ್ ಮತ್ತು ಪುಟ್ ಎರಡನ್ನೂ ಮಾರಬಹುದೇ? ತೆರಿಗೆ ಹೇಗೆ?

ಉತ್ತರ:
ನನ್ನ ಪಾಲಿನ ಪ್ರಶ್ನೆಗೆ ಉತ್ತರಿಸಿ ತೆರಿಗೆಯನ್ನು ಮುಂದಿನವರಿಗೆ ಬಿಡುತ್ತೇನೆ. ಡೆರಿಬಿಟ್‌ನ ಮೂಲ ಬಿಟ್‌ಕಾಯಿನ್ ಆಪ್ಷನ್‌ಗಳಲ್ಲಿ ಪ್ರೀಮಿಯಂ, ಮಾರ್ಜಿನ್, ಲಾಭ, ನಷ್ಟ ಎಲ್ಲವೂ ಬಿಟ್‌ಕಾಯಿನ್‌ನಲ್ಲೇ ನಡೆಯುತ್ತವೆ. ಒಂದು ಕಾಯಿನ್ ಇಟ್ಟು ಒಂದು ಕಾಲ್ ಮಾರಿದರೆ, ಬೆಲೆ ಎಷ್ಟೇ ಏರಿದರೂ ನಷ್ಟ ಆ ಒಂದು ಕಾಯಿನ್‌ಗಿಂತ ಕಡಿಮೆಯೇ ಇರುತ್ತದೆ, ಏಕೆಂದರೆ ಡಾಲರ್‌ನಲ್ಲಿ ನಷ್ಟ ಬೆಳೆದಂತೆ ನಿಮ್ಮ ಕಾಯಿನ್‌ನ ಬೆಲೆಯೂ ಬೆಳೆಯುತ್ತದೆ. ಪುಟ್‌ನ ಕಥೆ ತಿರುಗುಮುರುಗು. 1,00,000 ಸ್ಟ್ರೈಕ್‌ನ ಪುಟ್ ಮಾರಿದ್ದು, ಬೆಲೆ 50,000ಕ್ಕೆ ಬಿದ್ದರೆ ನಷ್ಟ 50,000 ಡಾಲರ್, ಅಂದರೆ ಆಗಿನ ಬೆಲೆಯಲ್ಲಿ ಪೂರ್ತಿ ಒಂದು ಕಾಯಿನ್. 40,000ಕ್ಕೆ ಬಿದ್ದರೆ ಒಂದೂವರೆ ಕಾಯಿನ್, ನಿಮ್ಮ ಬಳಿ ಇರುವುದು ಒಂದೇ. ಮಾರ್ಜಿನ್ ಕರಗುವುದೂ ನಷ್ಟ ಬೆಳೆಯುವುದೂ ಒಟ್ಟಿಗೇ ಆಗುವುದರಿಂದ ಗಾಯದ ಮೇಲೆ ಬರೆ ಎಳೆದಂತಾಗುತ್ತದೆ. ಅಷ್ಟು ಬೀಳುವುದುಂಟೇ ಎನ್ನಬೇಡಿ, 2020ರ ಮಾರ್ಚ್ 12ರಿಂದ ಮರುದಿನದೊಳಗೆ ಬಿಟ್‌ಕಾಯಿನ್ ಹೆಚ್ಚುಕಡಿಮೆ ಅರ್ಧಕ್ಕೆ ಇಳಿದಿತ್ತು. ಆದ್ದರಿಂದ ಕಾಲ್ ಮಾತ್ರ ಮಾರಿ. ಅಲ್ಲಿ ಎಕ್ಸ್‌ಪೈರಿ ನಮ್ಮ ಮಧ್ಯಾಹ್ನ 1.30ಕ್ಕೆ, ಮತ್ತು ಲೆಕ್ಕ ಮುಗಿಯುವುದು ಕೊನೆಯ ಕ್ಷಣದ ಬೆಲೆಯಲ್ಲಲ್ಲ, ಅದಕ್ಕೆ ಹಿಂದಿನ ಅರ್ಧ ಗಂಟೆಯ ಸೂಚ್ಯಂಕದ ಸರಾಸರಿಯಲ್ಲಿ.

ಉತ್ತರ (ಲೆಕ್ಕಪರಿಶೋಧಕರಾದ ಸದಸ್ಯೆ):
ತೆರಿಗೆಯಲ್ಲಿ ಮೊದಲು ನೋಡಬೇಕಾದದ್ದು ಕಾಯಿನ್ ಕೈ ಬದಲಾಯಿಸುತ್ತದೆಯೇ ಎಂಬುದನ್ನು. ನಿಮ್ಮ ಯೋಜನೆಯಲ್ಲಿ ಬದಲಾಯಿಸುತ್ತದೆ. ನಷ್ಟಕ್ಕೆ ಬಿಟ್‌ಕಾಯಿನ್ ಕೊಟ್ಟಾಗ ಅದು ವರ್ಚುವಲ್ ಡಿಜಿಟಲ್ ಆಸ್ತಿಯ ವರ್ಗಾವಣೆ ಎನಿಸಿಕೊಳ್ಳುವುದರಿಂದ, 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ನಿಯಮದಂತೆ ಕೊಂಡ ಬೆಲೆಯನ್ನು ಕಳೆದು ಉಳಿದ ಲಾಭಕ್ಕೆ 30 ಶೇಕಡ ತೆರಿಗೆ, ಅದರ ಮೇಲೆ ಸೆಸ್ ಬರುತ್ತದೆ. ಬೇರೆ ನಷ್ಟವನ್ನು ಅದರಲ್ಲಿ ಕಳೆಯುವಂತಿಲ್ಲ. ಅಂದರೆ ಆಪ್ಷನ್‌ನಲ್ಲಿ ಸೋತು ಕಾಯಿನ್ ಕೊಟ್ಟರೂ, 2021ರ ಬೆಲೆಗೆ ಹೋಲಿಸಿ ಲಾಭವಾಗಿದೆಯೆಂದು ತೆರಿಗೆ ಕಟ್ಟಬೇಕಾಗಬಹುದು. ಇದನ್ನು ಕೇಳಿದವರೆಲ್ಲ ಒಮ್ಮೆ ಹುಬ್ಬೇರಿಸುತ್ತಾರೆ.

ರೂಪಾಯಿಯಲ್ಲೇ ಲೆಕ್ಕ ಮುಗಿಯುವ ದೇಶೀಯ ಪ್ಲಾಟ್‌ಫಾರ್ಮ್‌ಗಳ ಆಪ್ಷನ್‌ಗಳ ಆದಾಯವನ್ನು ನಮ್ಮ ವೃತ್ತಿಯ ಹಲವರು ವ್ಯವಹಾರದ ಆದಾಯವೆಂದು ಸ್ಲ್ಯಾಬ್ ದರದಲ್ಲಿ ತೋರಿಸುತ್ತಾರೆ. ನಾನೂ ಹಾಗೆಯೇ ಮಾಡುತ್ತೇನೆ, ಆದರೆ ಸ್ಪೆಕ್ಯುಲೇಟಿವ್ (ಸಟ್ಟಾ ವ್ಯವಹಾರ) ಎಂದು ಗುರುತಿಸಿ. ಸ್ಪೆಕ್ಯುಲೇಟಿವ್ ಎನಿಸಿಕೊಳ್ಳದಂತೆ 1961ರ ಆದಾಯ ತೆರಿಗೆ ಕಾಯ್ದೆಯ 43(5)ನೇ ಸೆಕ್ಷನ್‌ನ ವಿನಾಯಿತಿ ಮಾನ್ಯತೆ ಪಡೆದ ಷೇರು ವಿನಿಮಯ ಕೇಂದ್ರಗಳ ಡಿರೈವೇಟಿವ್‌ಗಳಿಗೆ ಸಿಗುತ್ತಿತ್ತು, ಕ್ರಿಪ್ಟೋ ಪ್ಲಾಟ್‌ಫಾರ್ಮ್‌ಗಳು ಆ ಪಟ್ಟಿಯಲ್ಲಿಲ್ಲ. 2025ರ ಹೊಸ ಕಾಯ್ದೆಯಲ್ಲಿ ಸೆಕ್ಷನ್ ಸಂಖ್ಯೆಗಳು ಮಾತ್ರ ಬೇರೆಯಾಗಿವೆ. ಹಾಗಾಗಿ ನಿಫ್ಟಿಯ ಲಾಭದಲ್ಲಿ ಇಲ್ಲಿಯ ನಷ್ಟವನ್ನು ಕಳೆಯುವ ಆಸೆ ಇಟ್ಟುಕೊಳ್ಳಬೇಡಿ. ಇನ್ನೊಂದು ಮಾತು: ವಿದೇಶಕ್ಕೆ ಹಣ ಕಳುಹಿಸಲು ರಿಸರ್ವ್ ಬ್ಯಾಂಕ್ ಇಟ್ಟಿರುವ ಎಲ್‌ಆರ್‌ಎಸ್ ಯೋಜನೆಯ ಅಡಿಯಲ್ಲಿ ವರ್ಷಕ್ಕೆ 2,50,000 ಡಾಲರ್ ಕಳುಹಿಸಬಹುದಾದರೂ, ವಿದೇಶಿ ಎಕ್ಸ್‌ಚೇಂಜ್‌ಗೆ ಮಾರ್ಜಿನ್ ಕಟ್ಟಲು ಅದನ್ನು ಬಳಸುವಂತಿಲ್ಲ.

ಮರುಪ್ರಶ್ನೆ (ದಾವಣಗೆರೆಯ ಸದಸ್ಯರು):
ಸರ್, ಕೊನೆಯದಾಗಿ ಒಂದು. ನನ್ನ ಬಳಿ ಉಳಿದಿರುವ ಕಾಲ್ ಅನ್ನು ಈಗ ಏನು ಮಾಡಲಿ? ಪರದೆಯಲ್ಲಿ ಕೊಳ್ಳುವವರು 500ಕ್ಕೆ, ಮಾರುವವರು 580ಕ್ಕೆ ನಿಂತಿದ್ದಾರೆ.

ಉತ್ತರ:
ಇಟ್ಟುಕೊಳ್ಳಿ, ಮಾರಿ ಎಂದು ನಾನು ಹೇಳಲಾರೆ, ಲೆಕ್ಕ ಹೇಳುತ್ತೇನೆ. 540 ಉಳಿಯಬೇಕಾದರೆ ನಾಳೆ ಬೆಲೆ 1,02,540 ಮುಟ್ಟಬೇಕು, ಅಂದರೆ 1,540 ಡಾಲರ್ ಏರಬೇಕು. ಐವಿ 45ರ ಪ್ರಕಾರ ಒಂದು ದಿನದ ಚಲನೆ ಎರಡೂ ದಿಕ್ಕಿಗೆ ಸುಮಾರು 2,400 ಡಾಲರ್. ಅಸಾಧ್ಯವೇನಲ್ಲ, ಆದರೆ ಸುಲಭವೂ ಅಲ್ಲ. ಮಾರುವುದಾದರೆ ಸಿಕ್ಕ ಬೆಲೆಗೆ ಮಾರುವ ಮಾರ್ಕೆಟ್ ಆರ್ಡರ್ ಹಾಕಬೇಡಿ, 540ಕ್ಕೆ ಲಿಮಿಟ್ (ಅದಕ್ಕಿಂತ ಕಡಿಮೆಗೆ ಮಾರದ ಆರ್ಡರ್) ಹಾಕಿ ಕಾಯಿರಿ.

ಪ್ರತಿಕ್ರಿಯೆ (ದಾವಣಗೆರೆಯ ಸದಸ್ಯರು):
50 ಲಾಟ್ 540ಕ್ಕೆ ಹಾಕಿದ್ದೆ, ಇಪ್ಪತ್ತು ನಿಮಿಷದಲ್ಲಿ ಹೋಯಿತು. ಉಳಿದ 50 ನಾಳೆಯವರೆಗೆ ಇರಲಿ. ಧನ್ಯವಾದ ಸರ್.